ಬೆನ್ನಿಗೆ ಜಾಲರಿಯೋ, ಫೋಮೋ? ಮಲೆನಾಡಿನ ಚಾರಣಕ್ಕೆ ಮೂರು ಬ್ಯಾಗ್‌ಗಳ ಹೋಲಿಕೆ

ಎರಡು ಮೂರು ದಿನದ ಚಾರಣಕ್ಕೆ ಬ್ಯಾಗ್ ತಗೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಲೀಟರಿನದು ತಗೊಳ್ಳಲಿ?" ಅಂತ. ಅಂಗಡಿಯವರೂ ಮಾತು ಶುರು ಮಾಡುವುದು ಅಲ್ಲಿಂದಲೇ. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಬ್ಯಾಗಿನ ಬೆನ್ನು ನಿಮ್ಮ ಬೆನ್ನಿನ ಉದ್ದಕ್ಕೆ ಹೊಂದುತ್ತದಾ ಎಂಬುದು ಮೊದಲನೆಯದು. ನೀವು ನಡೆಯುವುದು ಯಾವ ಕಾಲದಲ್ಲಿ, ಎಂಥ ಇಳಿಜಾರಿನಲ್ಲಿ ಎಂಬುದು ಎರಡನೆಯದು.

ಲೀಟರಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. ಟೆಂಟ್, ದಪ್ಪ ಜಾಕೆಟ್ ಹೊರುವ ಹಿಮಾಲಯದ ಲೆಕ್ಕ ನಮಗೆ ಬೇಡ. ನಾವು ಈ ಬ್ಯಾಗ್‌ಗಳನ್ನು ಹೊತ್ತು ನಡೆದ ಕೊಡಚಾದ್ರಿ ಬೆಟ್ಟ ಇರುವುದು ಮೂಕಾಂಬಿಕಾ ವನ್ಯಜೀವಿ ಧಾಮದೊಳಗೆ. ಮನಸ್ಸು ಬಂದ ಕಡೆ ಟೆಂಟ್ ಹಾಕಿಕೊಂಡು ಮಲಗುವಂತಿಲ್ಲ. ರಾತ್ರಿ ಕಳೆಯುವುದು ಮೇಲೆ ಭಟ್ಟರ ಮನೆಯಲ್ಲಿ, ಇಲ್ಲವೇ ಕೆಳಗೆ ಯಾವುದಾದರೂ ಹೋಂಸ್ಟೇಯಲ್ಲಿ. ಊಟ ಅಲ್ಲೇ ಸಿಗುತ್ತದೆ. ಹಾಗಾಗಿ 40ರಿಂದ 50 ಲೀಟರ್ ಧಾರಾಳ. ದೊಡ್ಡ ಬ್ಯಾಗಿನಲ್ಲಿ ಜಾಗ ಖಾಲಿ ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ. ಇನ್ನೊಂದು ಸ್ವೆಟರ್, ಇನ್ನೊಂದು ಚಕ್ಕುಲಿ ಪೊಟ್ಟಣ ಅಂತ ತುಂಬುತ್ತಲೇ ಹೋಗುತ್ತೇವೆ.

ನಾನೂ ತಂಗಿಯೂ ಅದಲು ಬದಲು ಮಾಡಿಕೊಂಡು ಹೊತ್ತು ನೋಡಿದ್ದು ಮೂರು ಬಗೆಯ ಬ್ಯಾಗ್. ಒಂದು, ಪೇಟೆಯಲ್ಲಿ ಎರಡು ಸಾವಿರದೊಳಗೆ ಸಿಗುವ 60 ಲೀಟರಿನ ರಕ್‌ಸ್ಯಾಕ್. ಎರಡನೆಯದು ಬೆನ್ನಿಗೆ ಜಾಲರಿ ಇರುವ 50 ಲೀಟರಿನದು. ಮೂರನೆಯದು ಫೋಮ್ ಬೆನ್ನಿನ 45 ಲೀಟರಿನದು, ಬೆನ್ನಿನ ಉದ್ದ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಮೂರಕ್ಕೂ ಒಂದೇ ಸಾಮಾನು ಹಾಕಿದೆವು. ನೀರು ಸೇರಿ 11 ಕೆಜಿ, ಬ್ಯಾಗಿನ ತೂಕ ಬೇರೆ. ದಾರಿಯೂ ಒಂದೇ: ನಿಟ್ಟೂರು ಕಡೆಯಿಂದ ಹೋಗಿ ಹಿಡ್ಲುಮನೆ ಜಲಪಾತದ ಪಕ್ಕದಲ್ಲಿ ಹತ್ತಿ, ಹುಲ್ಲುಗಾವಲು ದಾಟಿ ಮೇಲೆ ಉಳಿದು, ಮರುದಿನ ಸರ್ವಜ್ಞ ಪೀಠ ನೋಡಿಕೊಂಡು ಇಳಿಯುವುದು. ಬೆಟ್ಟದ ಎತ್ತರ 1,343 ಮೀಟರ್. ಅಂಥ ದೊಡ್ಡ ಎತ್ತರವೇನಲ್ಲ. ಆದರೆ ಜಲಪಾತದ ಪಕ್ಕದ ಏರಿನಲ್ಲಿ ಕೈಯೂ ಊರಬೇಕು. ಬ್ಯಾಗ್ ಎಂಥದ್ದು ಅಂತ ಗೊತ್ತಾಗುವುದು ಅಲ್ಲಿ. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಮಾಡೆಲ್‌ಗಳು ಬದಲಾಗುತ್ತಲೇ ಇರುತ್ತವೆ. ಈ ಮೂರು ಬಗೆ ಮಾತ್ರ ಎಲ್ಲ ಕಡೆ ಸಿಗುತ್ತವೆ.

ಬ್ಯಾಗ್ ಏರಿಸುವ ಮೊದಲು ಬೆನ್ನು ಅಳೆದುಕೊಳ್ಳಿ. ಟೈಲರ್ ಟೇಪ್ ಸಾಕು. ತಲೆ ಬಗ್ಗಿಸಿದರೆ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿ ಸಿಗುತ್ತದೆ. ಆಮೇಲೆ ಸೊಂಟದ ಮೂಳೆಯ ಮೇಲೆ ಎರಡೂ ಕೈ ಇಟ್ಟು ಹೆಬ್ಬೆರಳನ್ನು ಬೆನ್ನ ಕಡೆ ಚಾಚಿ. ಹೆಬ್ಬೆರಳುಗಳು ನಿಲ್ಲುವ ಮಟ್ಟದಿಂದ ಆ ಮೂಳೆಯವರೆಗಿನ ಉದ್ದವೇ ನಿಮ್ಮ ಅಳತೆ. ನನ್ನದು 18 ಇಂಚು, ತಂಗಿಯದು ಹದಿನೈದೂವರೆ. ನಮ್ಮಿಬ್ಬರ ಎತ್ತರದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ಅವಳಿಗೆ ಕಾಲು ಉದ್ದ, ನನಗೆ ಬೆನ್ನು ಉದ್ದ. ಎತ್ತರ ನೋಡಿ ಬ್ಯಾಗ್ ಕೊಡುವ ಅಂಗಡಿಯವರ ಮಾತು ಕೇಳಬೇಡಿ ಅನ್ನುವುದು ಇದಕ್ಕೇ.

ಅಳತೆ ಸರಿ ಇದ್ದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಭಾರದ ಮುಕ್ಕಾಲು ಪಾಲು ಅಲ್ಲೇ ಇಳಿಯಬೇಕು. 1950ರ ದಶಕದಲ್ಲಿ ಅಮೆರಿಕದ ಡಿಕ್ ಕೆಲ್ಟಿ ಅಲ್ಯೂಮಿನಿಯಂ ಚೌಕಟ್ಟಿನ ಬ್ಯಾಗ್ ಮಾಡಿ ಮಾರಲು ಶುರು ಮಾಡಿದ್ದೂ ಇದೇ ಲೆಕ್ಕದ ಮೇಲೆ: ಭುಜದ ಭಾರ ಸೊಂಟಕ್ಕೆ ಹೋಗಲಿ ಅಂತ. ಮಧ್ಯದಲ್ಲಿ ಚೌಕಟ್ಟು ಇಲ್ಲದಿದ್ದರೆ ಪಟ್ಟಿ ಎಷ್ಟು ಬಿಗಿದರೂ ಭಾರ ಕೆಳಗೆ ಇಳಿಯುವುದಿಲ್ಲ, ಚೀಲ ಸುಕ್ಕಾಗುತ್ತದೆ ಅಷ್ಟೇ.

ಪೇಟೆಯ ಅಗ್ಗದ ರಕ್‌ಸ್ಯಾಕಿನ ಕತೆ ಅದೇ. ಒಳಗೆ ಚೌಕಟ್ಟಿಲ್ಲ. ಸೊಂಟಕ್ಕೆ ಇರುವುದು ಎರಡು ಬೆರಳಗಲದ ಪಟ್ಟಿ. ಜೀಪ್ ರಸ್ತೆಯಲ್ಲಿ ನಡೆಯುವಾಗ ಏನೂ ಅನ್ನಿಸಲಿಲ್ಲ. ಏರು ಶುರುವಾದ ಮೇಲೆ ಭುಜ ಹಿಡಿಯಿತು. ಬಂಡೆ ಹತ್ತುವಾಗ ಸಾಮಾನು ಒಳಗೇ ಓಲಾಡಿ ಎಡಕ್ಕೆ ಬಲಕ್ಕೆ ಎಳೆಯುತ್ತದೆ. 60 ಲೀಟರಿನಲ್ಲಿ ಮೂರನೇ ಒಂದು ಭಾಗ ಖಾಲಿ ಇದ್ದರೆ ಹಾಗಾಗದೆ ಇನ್ನೇನು? ಭುಜದ ಪಟ್ಟಿ ಚೀಲಕ್ಕೆ ಸೇರುವ ಜಾಗ ನೋಡಿ. ನಮ್ಮದರಲ್ಲಿ ಅಲ್ಲಿ ಇದ್ದದ್ದು ಒಂದೇ ಸಾಲು ಹೊಲಿಗೆ. ಬೆಟ್ಟ ಇಳಿದು ನೋಡಿದರೆ ಎಡಗಡೆ ದಾರ ಬಿಟ್ಟುಕೊಂಡು, ಬಟ್ಟೆಯ ಅಂಚಿನ ಎಳೆಗಳು ಹೊರಗೆ ಬಂದಿದ್ದವು. ಒಳ್ಳೆಯ ಬ್ಯಾಗಿನಲ್ಲಿ ಅದೇ ಜಾಗದಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಗಟ್ಟಿ ಪಟ್ಟೆ ಇರುತ್ತದೆ. ಬೆರಳಿಟ್ಟರೆ ಗೊತ್ತಾಗುತ್ತದೆ.

ಹಾಗಂತ ಅದನ್ನು ಪೂರ್ತಿ ಬೈಯುವಂತಿಲ್ಲ. ಖಾಲಿ ಇದ್ದಾಗ ಒಂದು ಕೆಜಿಯಷ್ಟೇ ತೂಗುತ್ತದೆ. ಫೋಮ್ ಇಲ್ಲದ ಕಾರಣ ನೆನೆದರೂ ಬೇಗ ಒಣಗುತ್ತದೆ. ಜೀಪಿನ ಮೇಲೆ ಎಸೆದರೂ, ಕೆಂಪು ಮಣ್ಣು ಮೆತ್ತಿದರೂ ಹೊಟ್ಟೆ ಉರಿಯುವುದಿಲ್ಲ. ಆರೇಳು ಕೆಜಿ ಒಳಗಿದ್ದರೆ ಪರವಾಗಿಲ್ಲ.

ಜಾಲರಿ ಬೆನ್ನಿನದು ಹಾಗಲ್ಲ. ಹಾಕಿಕೊಂಡ ಕೂಡಲೇ ಮನಸೋಲುತ್ತೀರಿ. ಒಂದು ಬಾಗಿದ ಕಂಬಿ, ಅದಕ್ಕೆ ಎಳೆದು ಕಟ್ಟಿದ ಜಾಲರಿ. ನಿಮ್ಮ ಬೆನ್ನು ಜಾಲರಿಗೆ ತಾಗುತ್ತದೆ, ಚೀಲ ಅದರ ಹಿಂದೆ ದೂರದಲ್ಲಿರುತ್ತದೆ, ನಡುವೆ ಗಾಳಿ ಆಡುತ್ತದೆ. 1984ರಲ್ಲಿ ಜರ್ಮನಿಯ ಡಾಯ್ಟರ್ ಕಂಪನಿ ಇಂಥದ್ದನ್ನು ತಂದ ಮೇಲೆ ಉಳಿದವರೂ ಮಾಡಿದರು. ನನ್ನದು ಬೇರೆ ಕಂಪನಿಯದು. ಮಾರ್ಚಿಯ ಬಿಸಿಲಿನಲ್ಲಿ ಹುಲ್ಲುಗಾವಲಿನ ಮೇಲೆ ನಡೆಯುವಾಗ ಇದರ ಸುಖವೇ ಸುಖ. ಅಂಗಿ ಬೆನ್ನಿಗೆ ಅಂಟುವುದಿಲ್ಲ. ಬ್ಯಾಗ್ ಇಳಿಸಿದಾಗ ತಣ್ಣಗೆ ಛಳಿ ಹಿಡಿಯುವುದೂ ಇಲ್ಲ.

ತೊಂದರೆ ಇರುವುದು ಇಳಿಯುವಾಗ. ತಂಗಿ ಅದನ್ನು ಹೊತ್ತು ಹಿಡ್ಲುಮನೆ ಕಡೆ ಇಳಿಯುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತು, "ಅಣ್ಣಾ, ಎಂತ ಮಾರಾಯ ಇದು, ಹಿಂದಿಂದ ಯಾರೋ ಜಗ್ಗಿದ ಹಾಗಾಗ್ತದೆ" ಅಂದಳು. ಅದು ಸುಮ್ನೆ ಹೇಳಿದ ಮಾತಲ್ಲ. ಚೀಲ ಬೆನ್ನಿನಿಂದ ನಾಲ್ಕು ಬೆರಳು ದೂರ ಹೋದರೆ ಅದರ ಭಾರವೂ ಅಷ್ಟು ಹಿಂದೆ ಹೋಗುತ್ತದೆ. ಅದನ್ನು ಸರಿದೂಗಿಸಲು ಮೈ ಮುಂದೆ ಬಾಗುತ್ತದೆ. ಒದ್ದೆ ಬೇರು, ಪಾಚಿ ಹಿಡಿದ ಕಲ್ಲು, ಜಾರುವ ಎಲೆ ಇರುವ ಕಡೆ ಮುಂದೆ ಬಾಗಿ ಇಳಿಯುವುದು ಮಂಡಿಗೆ ಕೆಲಸ. ನಾವು ಬ್ಯಾಗ್ ಬದಲಾಯಿಸಿಕೊಂಡೆವು. ನನಗೂ ಹಾಗೇ ಅನ್ನಿಸಿತು, ಅಷ್ಟು ಜೋರಾಗಿ ಅಲ್ಲದಿದ್ದರೂ. ಅವಳ ಬೆನ್ನಿಗೆ ಆ ಬ್ಯಾಗ್ ಉದ್ದವೂ ಆಗುತ್ತಿತ್ತು. ಕಂಬಿ ಗಟ್ಟಿಯಾಗಿ ಕೂತಿರುವ ಕಾರಣ ಗಿಡ್ಡ ಮಾಡುವ ದಾರಿ ಇರಲಿಲ್ಲ.

ಇನ್ನೊಂದು ಕಿರಿಕಿರಿ, ಆ ಬಾಗು ಚೀಲದ ಒಳಗೂ ಉಬ್ಬಿಕೊಂಡು ಬರುತ್ತದೆ. ಹೆಸರಿಗೆ 50 ಲೀಟರ್, ಆದರೆ ಗಟ್ಟಿ ಡಬ್ಬಿಗಳು ಅದರ ಪಕ್ಕ ನೆಟ್ಟಗೆ ಕೂರುವುದಿಲ್ಲ. ಭಾರದ ಸಾಮಾನು ಬೆನ್ನಿನ ನಡುವಿಗೆ, ಮೈಗೆ ಹತ್ತಿರ ಇರಬೇಕು ಎನ್ನುವುದು ತುಂಬುವ ಮೊದಲ ನಿಯಮ. ಈ ಬ್ಯಾಗಿನಲ್ಲಿ ಆ ಜಾಗಕ್ಕೇ ಕತ್ತರಿ.

ಫೋಮ್ ಬೆನ್ನಿನದನ್ನು ಅಂಗಡಿಯಲ್ಲಿ ನೋಡಿದಾಗ ನನಗೇ ಅನುಮಾನ ಇತ್ತು. ನಮ್ಮ ಸೆಖೆಗೆ ಇದು ಆಗುತ್ತದಾ ಅಂತ. ಬೆವರು ಜಾಸ್ತಿ ಬರುತ್ತದೆ, ಅದರಲ್ಲಿ ಸುಳ್ಳಿಲ್ಲ. ಗಾಳಿ ಆಡದ ಕಾಡಿನ ಏರಿನಲ್ಲಿ ಬೆನ್ನು ಪೂರ್ತಿ ತೊಯ್ದುಹೋಗುತ್ತದೆ. ಫೋಮಿನ ನಡುವೆ ಗಾಳಿಗೆ ಅಂತ ಗೀರು ಬಿಟ್ಟಿರುತ್ತಾರೆ. ಅದು ಜಾಹೀರಾತಿನಲ್ಲಿ ಕೆಲಸ ಮಾಡುವಷ್ಟು ಕೊಡಚಾದ್ರಿಯಲ್ಲಿ ಮಾಡುವುದಿಲ್ಲ.

ಆದರೆ ನಮ್ಮ ಕಡೆ ಜೂನ್‌ನಿಂದ ಮೂರ್ನಾಲ್ಕು ತಿಂಗಳು ಬೆನ್ನು ಹೇಗೂ ಒದ್ದೆಯೇ ಅಲ್ವಾ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ರೈನ್‌ಕೋಟ್ ಹಾಕಿದರೆ ಒಳಗಿಂದ ಬೆವರು, ತೆಗೆದರೆ ಹೊರಗಿಂದ ಮಳೆ. ಆ ಕಾಲದಲ್ಲಿ ಜಾಲರಿಯ ಗಾಳಿಗೆ ಕೊಟ್ಟ ದುಡ್ಡು ದಂಡ. ಬೇಕಾಗುವುದು ಜಾರುವ ಜಾಗದಲ್ಲಿ ಮೈ ಬಿಟ್ಟು ಅಲುಗದ ಬ್ಯಾಗ್. ಅದನ್ನು ಫೋಮಿನದು ಕೊಡುತ್ತದೆ. ಒಳಗೆ ಎರಡು ಅಲ್ಯೂಮಿನಿಯಂ ಪಟ್ಟಿ ಇವೆ. ಹೊರಗೆ ತೆಗೆದು ನಮ್ಮ ಬೆನ್ನಿನ ಡೊಂಕಿಗೆ ತಕ್ಕಂತೆ ಕೈಯಲ್ಲೇ ಬಗ್ಗಿಸಿ ಮತ್ತೆ ತೂರಿಸಬಹುದು. ಬಂಡೆ ಹತ್ತುವಾಗ ಬ್ಯಾಗ್ ನನ್ನ ಜೊತೆಗೇ ತಿರುಗಿತು. ಭುಜದ ಪಟ್ಟಿಯನ್ನು ವೆಲ್‌ಕ್ರೋ ಬಿಚ್ಚಿ ಕೆಳಗಿಳಿಸಿ ತಂಗಿಗೆ ಕೊಟ್ಟೆ. ಅವಳು ಅದನ್ನು ಮತ್ತೆ ವಾಪಸ್ ಕೊಡಲಿಲ್ಲ, ಕೆಳಗೆ ಬರುವವರೆಗೂ.

ಇದರ ನಿಜವಾದ ದೋಷ ಒಣಗದಿರುವುದು. ಮಳೆಯಲ್ಲಿ ನೆನೆದ ಮೇಲೆ ಸ್ಪ್ರಿಂಗ್ ತಕ್ಕಡಿಗೆ ನೇತು ಹಾಕಿದರೆ ಖಾಲಿ ಬ್ಯಾಗೇ ಅರ್ಧ ಕೆಜಿ ಹತ್ತಿರ ಜಾಸ್ತಿ ತೂಗಿತು. ಫೋಮ್ ನೀರು ಕುಡಿದಿರುತ್ತದೆ. ರಾತ್ರಿ ಬಚ್ಚಲ ಒಲೆಯ ಮನೆಯಲ್ಲಿ, ಬೆಂಕಿಯಿಂದ ದೂರದಲ್ಲಿ ಮೊಳೆಗೆ ತೂಗು ಹಾಕಿದರೂ ಬೆಳಿಗ್ಗೆ ಸೊಂಟದ ಪಟ್ಟಿ ಹಸಿ ಹಸಿ. ತಣ್ಣನೆಯ ಒದ್ದೆ ಪಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಹೊರಡುವುದು ಯಾರಿಗೂ ಇಷ್ಟವಾಗುವ ಕೆಲಸ ಅಲ್ಲ.

ಮಳೆ ಕವರ್ ಬಗ್ಗೆ ಒಂದು ಮಾತು. ಎರಡು ದುಬಾರಿ ಬ್ಯಾಗ್‌ಗಳಿಗೂ ಕವರ್ ಜೊತೆಗೇ ಬಂದಿತ್ತು. ಎರಡರಲ್ಲೂ ನೀರು ಒಳಗೆ ಹೋಯಿತು. ಕವರ್ ಮುಚ್ಚುವುದು ಹೊರಗಿನ ಮೂರು ಕಡೆಯನ್ನು. ಬೆನ್ನಿನ ಮೇಲೆ ಹರಿದ ನೀರು ಚೀಲದ ಬುಡಕ್ಕೆ ಸೇರಿ ಕವರಿನೊಳಗೇ ನಿಲ್ಲುತ್ತದೆ. ಬ್ಯಾಗಿನ ಒಳಗೆ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಅದರಲ್ಲಿ ಬಟ್ಟೆ ತುಂಬಿ ಬಾಯಿ ತಿರುಚಿ ಕಟ್ಟಿದರೆ ಕವರಿನ ಹಂಗಿಲ್ಲ. ಇದಕ್ಕೆ ಅಗ್ಗದ ಬ್ಯಾಗೂ ಒಂದೇ, ದುಬಾರಿಯದೂ ಒಂದೇ.

ಉಂಬಳದ (ಜಿಗಣೆಯ) ಕಾಲದಲ್ಲಿ ಜೇಬುಗಳ ಬೆಲೆ ಗೊತ್ತಾಗುತ್ತದೆ. ಬ್ಯಾಗ್ ನೆಲಕ್ಕೆ ಇಟ್ಟರೆ ಉಂಬಳ ಅದಕ್ಕೂ ಹತ್ತುತ್ತದೆ. ಮತ್ತೆ ಹೆಗಲಿಗೇರಿಸಿದರೆ ನೇರ ಕುತ್ತಿಗೆಗೇ ಬರುತ್ತದೆ. ಹಾಗಾಗಿ ಇಳಿಸದೆ ಕೈಗೆ ಸಿಗಬೇಕಾದ್ದು ಉಪ್ಪು ಅಥವಾ ನಶ್ಯ, ನೀರಿನ ಬಾಟಲಿ, ಮೊಬೈಲ್. ಫೋಮಿನದರಲ್ಲಿ ಸೊಂಟದ ಪಟ್ಟಿಗೆ ಎರಡು ಜಿಪ್ ಜೇಬು ಇವೆ. ಜಾಲರಿಯದರಲ್ಲಿ ಒಂದು, ಅದೂ ಮೊಬೈಲ್ ಹಿಡಿಸದಷ್ಟು ಸಣ್ಣದು. ಪೇಟೆಯದರಲ್ಲಿ ಇಲ್ಲವೇ ಇಲ್ಲ. ಬಾಟಲಿಯ ವಿಷಯದಲ್ಲಿ ಮಾತ್ರ ಜಾಲರಿಯದು ಗೆದ್ದಿತು. ಅದರ ಪಕ್ಕದ ಜೇಬು ಓರೆಯಾಗಿ ಕತ್ತರಿಸಿದ್ದು, ಕೈ ಹಿಂದೆ ಹಾಕಿದರೆ ಬಾಟಲಿ ಸಿಗುತ್ತದೆ.

ಬೆಂಗಳೂರಿನಿಂದ ಬಂದ ಗೆಳೆಯನೊಬ್ಬನ ಹತ್ತಿರ ಚೌಕಟ್ಟೇ ಇಲ್ಲದ, ಬಾಯಿ ಸುರುಳಿ ಸುತ್ತುವ ಹಗುರ ಬ್ಯಾಗ್ ಇತ್ತು. ನಾನು ಅದನ್ನು ಸ್ವಲ್ಪ ದೂರ ಮಾತ್ರ ಹೊತ್ತೆ. ಕಡಿಮೆ ಸಾಮಾನು ಹೊರುವುದನ್ನು ರೂಢಿ ಮಾಡಿಕೊಂಡವರಿಗೆ ಅದು ಸರಿ. ನಮ್ಮಂಥ ಅವಲಕ್ಕಿ, ಉಪ್ಪಿನಕಾಯಿ ಬಾಟಲಿ ಬಿಡದವರಿಗಲ್ಲ.

ಹಾಗಾದರೆ ಯಾವುದು? ಜಾಲರಿಯದಕ್ಕೂ ಫೋಮಿನದಕ್ಕೂ ನಾವು ಕೊಟ್ಟ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ಏಳೆಂಟು ಸಾವಿರದ ಆಸುಪಾಸು. ಒಂದೇ ತಗೊಳ್ಳುವುದಾದರೆ ನಾನು ಬೆನ್ನು ಹೊಂದಿಸಿಕೊಳ್ಳುವ ಫೋಮಿನದನ್ನೇ ಹೇಳುತ್ತೇನೆ, ಅದರಲ್ಲೂ ಮನೆಯಲ್ಲಿ ಇಬ್ಬರು ಮೂವರು ಹಂಚಿಕೊಳ್ಳುವುದಿದ್ದರೆ. ಡಿಸೆಂಬರ್‌ನಿಂದ ಮಾರ್ಚ್ ವರೆಗೆ ಮಾತ್ರ ನಡೆಯುವವರು, ಬೆವರಿಗೆ ಬೆನ್ನಲ್ಲಿ ಗುಳ್ಳೆ ಏಳುವವರು ಜಾಲರಿಯದು ತಗೊಳ್ಳಿ, ಆದರೆ ಅಳತೆ ನಿಮ್ಮದಕ್ಕೇ ಸರಿ ಇರಲಿ. ಅಂಗಡಿಯಲ್ಲಿ ಪೇಪರ್ ತುರುಕಿದ ಬ್ಯಾಗ್ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಐದೈದು ಕೆಜಿಯ ಎರಡು ಅಕ್ಕಿ ಚೀಲ ಜೊತೆಗೆ ತಗೊಂಡು ಹೋಗಿ. ತುಂಬಿಸಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಇಳಿಯಿರಿ. ನಗುವವರು ನಗಲಿ.

ದುಬಾರಿ ಬ್ಯಾಗನ್ನು ಮಳೆಗಾಲ ಮುಗಿದ ಮೇಲೆ ಮಡಚಿ ಅಟ್ಟಕ್ಕೆ ಹಾಕಬೇಡಿ. ಬಟ್ಟೆಯ ಒಳಗೆ ನೀರು ತಡೆಯಲು ಬಳಿದಿರುವ ಪಾಲಿಯುರೆಥೇನ್ ಪದರ ನಮ್ಮ ಥಂಡಿ ಹವೆಗೆ ಅಂಟಂಟಾಗಿ ಸುಲಿಯುತ್ತದೆ. ಹೊರಗೆ ಬೂಷ್ಟು ಬೇರೆ. ಜಿಪ್ ಎಲ್ಲಾ ತೆಗೆದು ಗಾಳಿ ಆಡುವ ಕಡೆ ತೂಗು ಹಾಕಿ.

ಪೇಟೆಯ ರಕ್‌ಸ್ಯಾಕ್ ಈಗಾಗಲೇ ಮನೆಯಲ್ಲಿದೆ, ಹೊಸದಕ್ಕೆ ಸದ್ಯ ದುಡ್ಡಿಲ್ಲ ಅಂದರೆ ಒಂದು ಉಪಾಯ. ಮಲಗುವ ಫೋಮ್ ಚಾಪೆಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನ ಕಡೆ ಒಳಗೆ ನಿಲ್ಲಿಸಿ. ಅರ್ಧ ಚೌಕಟ್ಟಿನ ಕೆಲಸ ಮಾಡುತ್ತದೆ. ಬ್ಯಾಗ್ ರಿಪೇರಿಯವರ ಹತ್ತಿರ ಭುಜದ ಪಟ್ಟಿಯ ಬುಡಕ್ಕೆ ಇನ್ನೆರಡು ಸಾಲು ಹೊಲಿಗೆ ಹಾಕಿಸಿ, ಸೊಂಟಕ್ಕೆ ಅಂಗೈ ಅಗಲದ ಮೆತ್ತನೆಯ ಪಟ್ಟಿ ಹೊಲಿಸಿ. ನಮ್ಮದಕ್ಕೆ ಎರಡೂ ಮಾಡಿಸಿದೆವು, ಖರ್ಚು ಮುನ್ನೂರು ದಾಟಲಿಲ್ಲ. ಈಗ ಅದು ಎಂಟು ಕೆಜಿವರೆಗೂ ತಕರಾರಿಲ್ಲದೆ ಬರುತ್ತದೆ.