ಜೇಡವೋ ಚೇಳೋ: ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ತಿಪಟೂರು ಕಡೆ ತೋಟದಲ್ಲಿ ತೆಂಗಿನ ಮಟ್ಟೆ ಎತ್ತುವಾಗ ಕೈಗೆ ಏನೋ ಕಚ್ಚಿತು ಅನ್ನಿ. ಜೇಡವಾದರೆ ಸಾಮಾನ್ಯವಾಗಿ ಆ ಜಾಗ ಕೆಂಪಾಗಿ ಊದಿಕೊಂಡು ಉರಿಯುತ್ತದೆ, ಅಷ್ಟೇ. ಸೋಪು ಹಾಕಿ ತೊಳೆದು, ಬಟ್ಟೆಯಲ್ಲಿ ಐಸ್ ಸುತ್ತಿಟ್ಟರೆ ಸಾಕು. ಸುಣ್ಣ ಗಿಣ್ಣ ಬೇಡ. ಮೈಯೆಲ್ಲ ಸೆಳೆತ, ಹೊಟ್ಟೆ ಬಿಗಿತ ಬಂದರೆ ಅಥವಾ ಚರ್ಮ ಕಪ್ಪಾದರೆ ಮಾತ್ರ ಮನೆಯಲ್ಲಿ ಕೂರಬೇಡಿ.

ಕೆಂಪು ಚೇಳಿನ ಕಥೆ ಬೇರೆ. ಅದರ ವಿಷ ನರಗಳನ್ನು ಕೆರಳಿಸಿ ಹೃದಯಕ್ಕೆ ಹೊಡೆತ ಕೊಡುತ್ತದೆ. ವಾಂತಿ, ಧಾರಾಕಾರ ಬೆವರು, ತಣ್ಣಗಾದ ಕೈಕಾಲು. ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನೋವು ಕಡಿಮೆಯಿದೆ ಅಂತ ಸುಮ್ನೆ ಇರಬೇಡಿ. ಈ ವಿಷದ ಹೊಡೆತ ತಗ್ಗಿಸುವ ಪ್ರಾಜೋಸಿನ್ ಮಾತ್ರೆ ಬೇಗ ಸಿಕ್ಕಷ್ಟೂ ಒಳ್ಳೆಯದು, ಆದರೆ ಅದನ್ನು ಡಾಕ್ಟರೇ ಕೊಡಬೇಕು. ಮಕ್ಕಳಿಗೆ ಕುಟುಕಿದರೆ ಲಕ್ಷಣಕ್ಕೆ ಕಾಯದೆ 108ಕ್ಕೆ ಫೋನ್ ಮಾಡಿ.

ಕಚ್ಚಿದ್ದು ಏನೆಂದು ಕಾಣಲೇ ಇಲ್ಲವಾ? ಹಾವೂ ಆಗಿರಬಹುದು ಅಲ್ವಾ, ನೇರ ಆಸ್ಪತ್ರೆಗೆ ಹೊರಡಿ.