"ಪ್ರಕಟಣೆ ಖಾತ್ರಿ" ಅನ್ನುವ ಲೇಖನ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಗ್ರೂಪ್‌ಗಳಲ್ಲಿ ಒಂದು ಪೋಸ್ಟರ್ ಮತ್ತೆ ಓಡಾಡುತ್ತಿದೆ. "30 ದಿನದಲ್ಲಿ ನುಡಿಚಿತ್ರ ಬರೆಯಲು ಕಲಿಯಿರಿ, ಪತ್ರಿಕೆ ಮತ್ತು ವೆಬ್ ಎರಡರಲ್ಲೂ ಪ್ರಕಟಣೆ ಖಾತ್ರಿ." ನುಡಿಚಿತ್ರ ಅಂದರೆ ಪುರವಣಿಯಲ್ಲಿ ಬರುವಂಥ ಫೀಚರ್ ಲೇಖನ. ಕಳೆದ ವರ್ಷ ಇದೇ ಪೋಸ್ಟರ್ ನೋಡಿ ನಾನು 4,500 ರೂಪಾಯಿ ಕಟ್ಟಿದೆ. ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಅದು. ದುಡ್ಡೂ ಹೋಯಿತು, ಬರೆದ ಲೇಖನವೂ ಹೋಯಿತು.

ನಮ್ಮ ಕಡೆಯವರು ಇದಕ್ಕೆ ಬೇಗ ಬೀಳುತ್ತೇವೆ. ಕಾರಣ ಇದೆ. ನಾವು ಕಲಿತದ್ದು ಕನ್ನಡ ಶಾಲೆಯಲ್ಲಿ, ಓದುವುದು ಕನ್ನಡ ಪೇಪರು, ಆದರೆ ದೊಡ್ಡ ಪತ್ರಿಕೆಗಳ ಪುರವಣಿ ತಯಾರಾಗುವುದು ಗಡಿಯ ಆಚೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಆ ಕಡೆಯವರಿಗೆ ನಾವು ನೆನಪಾಗುವುದೇ ಕಡಿಮೆ ಅಂತ ನಮಗೊಂದು ಬೇಸರ ಇದ್ದೇ ಇದೆ. ಹಾಗಾಗಿ ಯಾರಾದರೂ "ನನಗೆ ಪುರವಣಿಯವರೆಲ್ಲ ಪರಿಚಯ ಮೇಡಂ, ನಾನು ಹಾಕಿಸ್ತೇನೆ" ಅಂದರೆ ನಂಬಿಬಿಡುತ್ತೇವೆ. ನಾನೂ ನಂಬಿದೆ.

ಗೂಗಲ್ ಮೀಟ್‌ನಲ್ಲಿ ನಾಲ್ಕು ಕ್ಲಾಸ್ ಆಯಿತು. ಹೇಳಿದ್ದರಲ್ಲಿ ಒಂದೆರಡು ಮಾತು ಸರಿಯಾಗಿಯೇ ಇತ್ತು. ವರದಿಯಲ್ಲಿ ಏನಾಯಿತು ಅಂತ ಮೊದಲ ಸಾಲಿನಲ್ಲೇ ಹೇಳಬೇಕು, ನುಡಿಚಿತ್ರದಲ್ಲಿ ಓದುವವರನ್ನು ಆ ಜಾಗಕ್ಕೇ ಕರೆದುಕೊಂಡು ಹೋಗಬೇಕು ಅಂತ. ಆಮೇಲೆ ಕ್ಲಾಸ್ ಇಲ್ಲ. ಎಲ್ಲರೂ ಒಂದೊಂದು ಲೇಖನ ಬರೆದು ಕಳಿಸಿ, ತಿದ್ದಿ ಪತ್ರಿಕೆಗೆ ಕೊಡುತ್ತೇವೆ ಅಂದರು.

ನಾನು ಸುರಂಗದ ಬಗ್ಗೆ ಬರೆದೆ. ಬೇರೆ ಊರಿನವರಿಗೆ ಗೊತ್ತಿಲ್ಲದಿದ್ದರೆ: ಇದು ಗುಡ್ಡದ ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲನ್ನು) ಅಡ್ಡಕ್ಕೆ ಕೊರೆದು ನೀರು ಹುಡುಕುವ ನಮ್ಮ ಹಳೆಯ ಕ್ರಮ. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಎಣ್ಮಕಜೆ ಪಂಚಾಯತಿನಲ್ಲಿ ಸುರಂಗ ತೋಡುತ್ತಿದ್ದ ಒಬ್ಬ ಅಜ್ಜನ ಹತ್ತಿರ ಮೂರು ಸಲ ಹೋದೆ. ಮೂರನೇ ಸಲ ಅಜ್ಜ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಒಬ್ಬರು ಬಗ್ಗಿ ನಡೆಯುವಷ್ಟೇ ಜಾಗ. ಕಾಲ ಕೆಳಗೆ ತಣ್ಣನೆಯ ನೀರು, ಎರಡೂ ಭುಜಕ್ಕೆ ಒದ್ದೆ ಕಲ್ಲು ತಾಗುತ್ತಿತ್ತು. ಅಜ್ಜನ ಕೈಯಲ್ಲಿ ಒಂದು ಮೊಂಬತ್ತಿ. "ಬೆಂಕಿ ಸಣ್ಣಗಾದರೆ ಮಾತು ನಿಲ್ಲಿಸಬೇಕು, ನಂದಿದರೆ ಹೊರಗೆ ಓಡಬೇಕು ಮಗಳೇ, ಒಳಗೆ ಗಾಳಿ ಇಲ್ಲ ಅಂತ ಅರ್ಥ" ಅಂದರು. ಕೂಲಿ ಕೋಲಿನ ಲೆಕ್ಕದಲ್ಲಿ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಇದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಹನ್ನೊಂದು ದಿನ ಕೂತು ಲೇಖನ ಮಾಡಿದೆ. ಹೊರಡುವಾಗ ಅಜ್ಜ ಕೇಳಿದ್ದು ಒಂದೇ: "ಪೇಪರಿನಲ್ಲಿ ನನ್ನ ಹೆಸರು ಬರ್ತದಾ?" ಬರ್ತದೆ ಅಜ್ಜ, ಪೇಪರ್ ನಾನೇ ತಂದುಕೊಡ್ತೇನೆ ಅಂದೆ.

ಕಳಿಸಿದ ಮೇಲೆ ಫೋನ್ ಬಂತು. ಲೇಖನ ತುಂಬಾ ಚೆನ್ನಾಗಿದೆ ಮೇಡಂ, ಆದರೆ ಪತ್ರಿಕೆಗೆ ಹೋಗಬೇಕಾದರೆ ಎಡಿಟಿಂಗ್ ಚಾರ್ಜ್ 2,500 ಕಟ್ಟಬೇಕು ಅಂದರು. ನನ್ನ ಹತ್ತಿರ ಇರಲಿಲ್ಲ. ಸುಮ್ಮನಾದೆ. ಒಂದೂವರೆ ತಿಂಗಳು ಬಿಟ್ಟು ಗೆಳತಿಯೊಬ್ಬಳು ಲಿಂಕ್ ಕಳಿಸಿದಳು. ಅವರದೇ ವೆಬ್‌ಸೈಟ್. ನನ್ನದೇ ಲೇಖನ. ಕೆಳಗೆ ಬೇರೆ ಯಾರದ್ದೋ ಹೆಸರು. ಅಜ್ಜ ಹೇಳಿದ ಮೊಂಬತ್ತಿಯ ಮಾತೇ ತಲೆಬರಹ. ಮೂರನೇ ಪ್ಯಾರಾದಲ್ಲಿ ನಾನು "ಮುರಕಲ್ಲು" ಅನ್ನುವುದನ್ನು "ಮುರಕಲು" ಅಂತ ತಪ್ಪಾಗಿ ಟೈಪ್ ಮಾಡಿದ್ದೆ, ಅದೂ ಹಾಗೆಯೇ ಇತ್ತು. ತೆಗೆದದ್ದು ಅಜ್ಜನ ಹೆಸರು ಮಾತ್ರ. ಅದರ ಜಾಗದಲ್ಲಿ "ಕೇರಳದ ಒಬ್ಬ ಕೂಲಿಕಾರ" ಅಂತ ಹಾಕಿದ್ದರು. ನನಗೆ ಅಳು ಬಂತು.

ಕೇಳಿದರೆ, ಸೇರುವಾಗ ಗೂಗಲ್ ಫಾರ್ಮ್‌ನಲ್ಲಿ ಟಿಕ್ ಮಾಡಿದ್ದೀರಿ, ಕೋರ್ಸ್‌ನಲ್ಲಿ ಬರೆದದ್ದೆಲ್ಲ ಸಂಸ್ಥೆಗೆ ಸೇರಿದ್ದು ಅಂದರು. ನೋಡಿದೆ, ಹೌದು, ಎಂಟನೇ ಸಾಲಿನಲ್ಲಿ ಇದೆ. ಆಮೇಲೆ ತಿಳಿದವರನ್ನು ಕೇಳಿ ಗೊತ್ತಾದದ್ದು ಇಷ್ಟು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ನೀವು ಯಾರದೋ ನೌಕರಿಯಲ್ಲಿದ್ದು ಬರೆದದ್ದಲ್ಲದಿದ್ದರೆ ನಿಮ್ಮ ಬರಹದ ಮೊದಲ ಹಕ್ಕುದಾರರು ನೀವೇ. ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಹಾಗೆ ಕೊಟ್ಟ ಮೇಲೂ "ಇದನ್ನು ಬರೆದವಳು ನಾನು" ಅಂತ ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿ ಲೇಖಕರ ಹತ್ತಿರವೇ ಉಳಿಯುತ್ತದೆ. ಈ ಕಲಂ ಬರೆದು, ಅಜ್ಜನ ಫೋಟೊ, ನೋಟ್‌ಬುಕ್ ಪುಟಗಳು, ತಾರೀಕು ಇರುವ ನನ್ನ ಹಳೆಯ ಇಮೇಲ್ ಎಲ್ಲ ಸೇರಿಸಿ ಕಳಿಸಿದೆ. ಎರಡನೇ ದಿನ ಲೇಖನ ತೆಗೆದರು. ದುಡ್ಡು ಕೊಡಲಿಲ್ಲ.

ಒಂದು ಮಾತು ದಯವಿಟ್ಟು ನೆನಪಿಡಿ. ಒಳ್ಳೆಯ ಪತ್ರಿಕೆ ಲೇಖನ ಹಾಕಲು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಸಂಭಾವನೆ ಕೊಡಬಹುದು, ಕೊಡದೆಯೂ ಇರಬಹುದು, ಆದರೆ ಕೇಳುವುದಿಲ್ಲ. ಪ್ರಕಟಿಸುವುದು ಬಿಡುವುದು ಸಂಪಾದಕರ ಕೈಯಲ್ಲಿ, ಹಾಗಿರುವಾಗ ಮಧ್ಯದವರು ಖಾತ್ರಿ ಕೊಡುವುದು ಹೇಗೆ? ಲೇಖನ ಕಳಿಸುವ ಇಮೇಲ್ ಸಾಧಾರಣ ಪುರವಣಿಯಲ್ಲೇ ಇರುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ನೇರ ಕಳಿಸಿ. ಒಂದೇ ಲೇಖನವನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ, ಎಷ್ಟು ದಿನ ಕಾಯಬೇಕು ಅಂತ ಕೇಳಿ. ಕಲಿಸುತ್ತೇವೆ ಅನ್ನುವವರ ಹತ್ತಿರ, ನಿಮ್ಮ ಹೆಸರಿನಲ್ಲಿ ಅಚ್ಚಾದ ಐದು ಲೇಖನ ತೋರಿಸಿ ಅಂತ ಕೇಳಲು ನಾಚಿಕೆ ಬೇಡ. ನಾನು ಕೇಳಿರಲಿಲ್ಲ.

ಕಲಿಯಲು ನಮಗೆ ಹತ್ತಿರದಲ್ಲೇ ದಾರಿ ಇದೆ. ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ಕೃಷಿಕರಿಂದಲೇ ಬರೆಸುತ್ತಾ ಬಂದಿದೆ. ಕೃಷಿ ಪತ್ರಕರ್ತ ಶ್ರೀ ಪಡ್ರೆ ಅವರು ನಮ್ಮದೇ ಎಣ್ಮಕಜೆಯ ಕಡೆಯವರು. ಇಲ್ಲಿನ ನೀರಿನ ಬಗ್ಗೆ, ಗೇರು ತೋಟಕ್ಕೆ ಹೊಡೆದ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಅವರು ಬರೆದದ್ದನ್ನು ಹುಡುಕಿ ಓದಿ. ಯಾರನ್ನು ಮಾತಾಡಿಸಿದರು, ಎಲ್ಲಿ ಲೆಕ್ಕ ಕೊಟ್ಟರು, ಎಲ್ಲಿ ಸುಮ್ಮನಾದರು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ. ನನಗೆ ಆ ನಾಲ್ಕು ಕ್ಲಾಸಿಗಿಂತ ಜಾಸ್ತಿ ಸಿಕ್ಕಿದ್ದು ಇದರಲ್ಲಿ.

ಅಜ್ಜನ ಹತ್ತಿರ ಹೋಗಿ ನಡೆದದ್ದು ಹೇಳಿದೆ. ಬೈಯಲಿಲ್ಲ, ಇನ್ನೊಮ್ಮೆ ಬರಿ ಅಂದರು. ಬರೆದು, ಅವರ ಹೆಸರು ಮೊದಲ ಸಾಲಿನಲ್ಲೇ ಇಟ್ಟು, ಹೋದ ವಾರ ಒಂದು ಪುರವಣಿಗೆ ನೇರ ಕಳಿಸಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಈ ಸಲದ ಪೋಸ್ಟರ್‌ನಲ್ಲಿ ಸಂಸ್ಥೆಯ ಹೆಸರು ಬೇರೆ ಇದೆ, ಫೋನ್ ನಂಬರ್ ಮಾತ್ರ ಅದೇ. ಯಾರಾದರೂ ಸೇರಬೇಕು ಅಂತ ಇದ್ದರೆ, ದುಡ್ಡು ಹಾಕುವ ಮೊದಲು ನನಗೊಂದು ಮೆಸೇಜ್ ಮಾಡಿ. ಆ ಫಾರ್ಮ್‌ನ ಎಂಟನೇ ಸಾಲಿನ ಸ್ಕ್ರೀನ್‌ಶಾಟ್ ಕಳಿಸುತ್ತೇನೆ.