ಕಿವಿಗೆ ಯಾವುದು, ಕಣ್ಣಿಗೆ ಯಾವುದು: ಕಲಬುರಗಿಯ ಓದುಗರಿಗೆ ಕೆಲವು ಕಾದಂಬರಿಗಳು

ಕಾದಂಬರಿ ಹೇಗಿದೆ ಎಂದು ಕೇಳುವವರು ಈಗ ಇನ್ನೊಂದನ್ನೂ ಕೇಳಬೇಕು: ಇದು ಓದುವ ಪುಸ್ತಕವೋ, ಕೇಳುವ ಪುಸ್ತಕವೋ? ಕಲಬುರಗಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಒಂಬತ್ತು ಹತ್ತು ತಾಸು ಹಿಡಿಯುತ್ತದೆ. ಗಟ್ಟಿ ಓದಿಗೆ ಪುಟಕ್ಕೆ ಎರಡು ಎರಡೂವರೆ ನಿಮಿಷ ಅಂತ ಹಿಡಿದರೆ ಇನ್ನೂರು ಪುಟದ ಕಾದಂಬರಿ ಅಷ್ಟರೊಳಗೆ ಮುಗಿದೇ ಹೋಗುತ್ತದೆ. ಆಯ್ಕೆ ತಪ್ಪಿದರೆ ಮಾತ್ರ ವಾಡಿ ದಾಟುವ ಮೊದಲೇ ಯಾರು ಯಾರಿಗೆ ಏನಾಗಬೇಕು ಅನ್ನುವುದು ಕೈತಪ್ಪುತ್ತದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಿವಿಗೆ ಒಗ್ಗುವ ಬರಹ. 2013ರ ಈ ಕಿರುಕಾದಂಬರಿಯಲ್ಲಿ ಕಥೆ ಹೇಳುವ ದನಿ ಒಂದೇ, ಕುಟುಂಬ ಒಂದೇ, ಪಾತ್ರಗಳು ಬೆರಳೆಣಿಕೆಯಷ್ಟು. ಮಸಾಲೆ ವ್ಯಾಪಾರದಿಂದ ಹಣ ಬಂದ ಮೇಲೆ ಒಂದು ಕುಟುಂಬ ಒಳಗಿಂದೊಳಗೇ ಹೇಗೆ ಬದಲಾಗುತ್ತದೆ ಅನ್ನುವುದನ್ನು ಹೇಳಿಯೂ ಹೇಳದ ಹಾಗೆ ಹೇಳುತ್ತದೆ. ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಕೊನೆಯ ನಾಲ್ಕೈದು ಪುಟಗಳನ್ನು ಮಾತ್ರ ಮತ್ತೊಮ್ಮೆ ಕಣ್ಣಿನಿಂದ ಓದಿ. ಹೇಳದೆ ಬಿಟ್ಟಿದ್ದು ಅಲ್ಲೇ ಇದೆ, ಕೇಳುವ ವೇಗದಲ್ಲಿ ಅದು ಜಾರಿಹೋಗುತ್ತದೆ. ಇದು ಹಿಡಿಸಿದವರು ಅವರದೇ 'ಸಕೀನಾಳ ಮುತ್ತು' ತೆಗೆದುಕೊಳ್ಳಲಿ.

ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಕಾಗದದಲ್ಲೇ ಇರಲಿ. ಲಿಸ್ಬನ್ನಿನಲ್ಲಿ ಗೇಬ್ರಿಯಲ್ ಮತ್ತು ಬೆಲ್ಲಾ, ತುಂಗಭದ್ರೆಯ ದಂಡೆಯಲ್ಲಿ ಹಂಪಮ್ಮ ಮತ್ತು ಕೇಶವ, ಹೀಗೆ ಎರಡು ನದಿಗಳ ಕಥೆ ಬೇರೆಬೇರೆಯಾಗಿ ಹರಿದು ಬಹಳ ಹೊತ್ತಿನ ನಂತರ ಒಂದಾಗುತ್ತವೆ. ಕಥೆ ಊರು ಬದಲಿಸಿದಾಗ ನಾಲ್ಕು ಪುಟ ಹಿಂದಕ್ಕೆ ತಿರುವಿ ನೋಡಬೇಕಾಗುತ್ತದೆ. ಆಡಿಯೊದಲ್ಲಿ ಅದು ಪೀಕಲಾಟ. ಕಥೆಯ ಕಾಲದಲ್ಲೇ, 1510ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದದ್ದು; ಬಹಮನಿ ರಾಜ್ಯ ಒಡೆದು ಹೋಳಾದದ್ದೂ ಆಗಲೇ. ಕಲಬುರಗಿ, ಬೀದರ್ ಕೋಟೆಗಳ ನೆರಳಲ್ಲಿ ಬೆಳೆದವರಿಗೆ ಆ ಕಾಲ ಬೇರೆಯವರಿಗಿಂತ ಬೇಗ ಹತ್ತಿರವಾಗುತ್ತದೆ.

ನಮ್ಮ ಕಡೆಯವರು ಬಿಡಲೇಬಾರದ ಪುಸ್ತಕ ಗೀತಾ ನಾಗಭೂಷಣ ಅವರ 'ಬದುಕು'. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಕಲಬುರಗಿ ಸೀಮೆಯ ಬಡವರ, ಕೆಳಜಾತಿಗಳ ಹೆಣ್ಣುಮಕ್ಕಳ ಬಾಳನ್ನು ಇಲ್ಲಿಯದೇ ಮಾತಿನಲ್ಲಿ ಹಿಡಿದಿದೆ. ದಪ್ಪ ಪುಸ್ತಕ, ಪಾತ್ರಗಳೂ ಬಹಳ. ಆದರೂ ಇದರ ಸಂಭಾಷಣೆ ಕಿವಿಗೆ ಬೀಳಬೇಕು. ಅಚ್ಚಿನಲ್ಲಿ ಓದುವವರು ಮಾತು ಬಂದ ಕಡೆಯೆಲ್ಲ ಗಟ್ಟಿಯಾಗಿ ಓದಲಿ, ಮನೆಯ ಹಿರಿಯರಿಂದ ಓದಿಸಿದರೆ ಇನ್ನೂ ಚೆಂದ.

ಇಂಥ ಬರಹದಲ್ಲಿ ಆಡಿಯೊ ಕೆಡುವುದು ಓದುವವರ ನಾಲಿಗೆಯಿಂದ. ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತವರು 'ಮನಿ', 'ಬ್ಯಾಡ', 'ಬಂದಾನ' ಅನ್ನುವುದನ್ನು ನಾಟಕದ ದನಿಯಲ್ಲಿ ಎಳೆದರೆ ಪಾತ್ರ ವಿದೂಷಕನಾಗಿಬಿಡುತ್ತದೆ, ದುಃಖದ ಪುಟವೂ ನಗೆಪಾಟಲಾಗುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಸ್ಯಾಂಪಲ್ಲಿನಲ್ಲಿ ನಿರೂಪಣೆಯನ್ನಲ್ಲ, ಸಂಭಾಷಣೆಯನ್ನು ಹುಡುಕಿ ಕೇಳಿ. ಇಬ್ಬರು ಮಾತಾಡುವಾಗ ಯಾರು ಮಾತಾಡಿದ್ದು ಅಂತ ಹೆಸರು ಹೇಳದೆಯೇ ತಿಳಿಯಬೇಕು. ದನಿ ಒಮ್ಮೆ ಜೋರು ಒಮ್ಮೆ ಮೆಲ್ಲಗೆ ಆಗುತ್ತಿದ್ದರೆ ರೈಲಿನ ಸದ್ದಿನಲ್ಲಿ ಅರ್ಧ ಕೇಳಿಸುವುದಿಲ್ಲ.

2016ರಲ್ಲಿ ಅಮೆಜಾನ್‌ನ ಇ-ಪುಸ್ತಕ ಸೇವೆ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡ ಅದರಲ್ಲಿ ಇರಲಿಲ್ಲ. ಆ ಕೊರತೆ ತುಂಬಲು 2020ರಲ್ಲಿ ಬಂದ ಮೈಲ್ಯಾಂಗ್ ಆಪ್‌ನಲ್ಲಿ ಇ-ಪುಸ್ತಕ, ಆಡಿಯೊ ಎರಡೂ ಸಿಗುತ್ತವೆ. ಯಾವ ಆಪ್ ಆದರೂ ಚಂದಾ ಕಟ್ಟುವ ಮೊದಲು ನಿಮಗೆ ಬೇಕಾದ ಎರಡು ಮೂರು ಹೆಸರು ಹುಡುಕಿ ನೋಡಿ; ಬಿಡಿಯಾಗಿ ಕೊಂಡರೆ ಅಗ್ಗವಾಗುವುದೂ ಉಂಟು.

ಪ್ರಯಾಣಕ್ಕೆ ಹೊರಡುವ ಮೊದಲು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. 64 ಕೆಬಿಪಿಎಸ್ (ದನಿಯ ಗುಣಮಟ್ಟದ ಅಳತೆ) ಆಡಿಯೊ ತಾಸಿಗೆ ಸುಮಾರು 29 ಎಂಬಿ, 128 ಆದರೆ ಅದರ ಎರಡರಷ್ಟು. ಬರೀ ಮಾತಿಗೆ 64 ಸಾಕು. ಡೌನ್‌ಲೋಡ್ ಆದ ಮೇಲೆ ಏರೋಪ್ಲೇನ್ ಮೋಡ್ ಹಾಕಿ ಮಧ್ಯದ ಒಂದು ಅಧ್ಯಾಯ ನುಡಿಸಿ ನೋಡಿ, ಅರ್ಧಕ್ಕೆ ನಿಂತ ಡೌನ್‌ಲೋಡ್ ಆಗ ಗೊತ್ತಾಗುತ್ತದೆ. ಪರದೆ ಆರಿದ ಕೂಡಲೇ ಆಡಿಯೊ ನಿಲ್ಲುತ್ತಿದ್ದರೆ ಅದು ಫೋನಿನ ಬ್ಯಾಟರಿ ಉಳಿತಾಯದ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ಗೆ ನಿರ್ಬಂಧ ತೆಗೆಯಿರಿ. ಮಲಗಿ ಕೇಳುವವರು ಸ್ಲೀಪ್ ಟೈಮರ್ 20 ನಿಮಿಷಕ್ಕೆ ಇಟ್ಟರೆ ಮರುದಿನ ಹುಡುಕಾಟ ತಪ್ಪುತ್ತದೆ. ವೇಗ 1.25ರ ಮೇಲೆ ಬೇಡ. ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಆಡುಮಾತಿನ ಕಾದಂಬರಿಗೆ 1 ಸರಿ.

ಅಚ್ಚಿನ ಪುಸ್ತಕಕ್ಕೆ ಕಲಬುರಗಿಯ ಸರಸ್ವತಿ ಗೋದಾಮಿನ ಪುಸ್ತಕದಂಗಡಿಗಳಿಗೆ ಹೋದವರು ಕೌಂಟರಿನಲ್ಲೇ ಪುಟಸಂಖ್ಯೆ ತಿರುವಿ ನೋಡಲಿ. ಕನ್ನಡ ಪುಸ್ತಕಗಳು ಸಾಮಾನ್ಯವಾಗಿ 16 ಪುಟದ ಫಾರಂಗಳಲ್ಲಿ, ಅಂದರೆ ಮಡಚಿದ ದೊಡ್ಡ ಹಾಳೆಗಳಲ್ಲಿ, ಅಚ್ಚಾಗುತ್ತವೆ. ಬೈಂಡಿಂಗಿನಲ್ಲಿ ಒಂದು ಫಾರಂ ಬಿಟ್ಟರೆ 16 ಪುಟ ಒಟ್ಟಿಗೆ ಇಲ್ಲ, ಎರಡು ಸಲ ಸೇರಿದರೆ ಅದೇ 16 ಪುಟ ಮತ್ತೆ ಬರುತ್ತದೆ. ದಪ್ಪ ಕಾದಂಬರಿಯ ಬೆನ್ನು ಬರೀ ಗೋಂದಿನದಾದರೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ, ಗೋಂದು ಸಡಿಲಾಗಿ ಹಾಳೆ ಕಳಚುತ್ತವೆ. ಹೊಲಿಗೆಯ ಪ್ರತಿ ಇದೆಯೇ ಎಂದು ಕೇಳಿ, ಇದ್ದರೆ ಮೂವತ್ತು ನಲವತ್ತು ರೂಪಾಯಿ ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ.